ಹೊಳೆ ಬಂದಾಗ ಉತಾರ ಎಲ್ಲಿರುತ್ತದೆ?

2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೀರು ಗೋಕಾಕದ ತಗ್ಗಿನ ಗಲ್ಲಿಗಳಿಗೆ ನುಗ್ಗಿ, ಲೋಳಸೂರ ಸೇತುವೆ ಮುಳುಗಿದಾಗ, ಉಟ್ಟ ಬಟ್ಟೆಯಲ್ಲಿ ಹೊರಟವರ ಟ್ರಂಕು ತಿಜೋರಿಗಳಲ್ಲಿದ್ದ ಕಾಗದಪತ್ರಗಳೂ ನೀರುಪಾಲಾದವು. ಆ ಮಹಾಪೂರದ ಬೆನ್ನಿಗೇ ಸರ್ಕಾರ ಕುಟುಂಬಕ್ಕೆ 10,000 ರೂಪಾಯಿ ತುರ್ತು ಪರಿಹಾರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಿತು. ಪರಿಹಾರ ಕೇಳುವವರು ಆಧಾರ್ ತೋರಿಸಬೇಕು, ಪಾಸ್‌ಬುಕ್ ತೋರಿಸಬೇಕು, ಮನೆಯ ಉತಾರ ತೋರಿಸಬೇಕು. ಮನೆ ಕಳೆದುಕೊಂಡವನ ಹತ್ತಿರ ಅದು ತನ್ನ ಮನೆ ಎನ್ನಲು ಬೇಕಾದ ಕಾಗದವೂ ಉಳಿದಿರುವುದಿಲ್ಲ. ಇದಕ್ಕೆ ಸಿಗುವ ಸಿದ್ಧ ಸಲಹೆ ಒಂದೇ: ದಾಖಲೆಗಳನ್ನೆಲ್ಲ ಕ್ಲೌಡ್‌ಗೆ ಏರಿಸಿಬಿಡಿ. ಅದು ಅರ್ಧ ಸರಿ. ಕ್ಲೌಡ್‌ನಲ್ಲಿಟ್ಟ ದಾಖಲೆ ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ನಿಜ. ಆದರೆ ಬೇಕೆಂದ ಗಳಿಗೆಗೆ ಕೈಗೆ ಸಿಕ್ಕೇ ಸಿಗುತ್ತದೆಂಬ ಖಾತ್ರಿ ಏನೂ ಇಲ್ಲ. ಸುರಕ್ಷಿತವಾಗಿರುವುದು ಬೇರೆ, ಕೈಗೆಟುಕುವುದು ಬೇರೆ. ಎರಡನೆಯದಕ್ಕೆ ಮೊಬೈಲಿನೊಳಗೇ ಒಂದು ಪ್ರತಿ ಇರಬೇಕು; ನೆಟ್‌ವರ್ಕ್ ಇರಲಿ ಬಿಡಲಿ, ತೆರೆದರೆ ತೆರೆದುಕೊಳ್ಳುವಂಥ ಪ್ರತಿ.

ಈ ಸೀಮೆಯ ನೆರೆ ಹೇಗೆ ಬರುತ್ತದೆಂದು ನೋಡಿದರೆ ಇದರ ತುರ್ತು ತಿಳಿಯುತ್ತದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಇರುವುದು ಹುಕ್ಕೇರಿ ತಾಲ್ಲೂಕಿನಲ್ಲಿ. ಅದರ ಸಾಮರ್ಥ್ಯ 51 ಟಿಎಂಸಿ. ಪಶ್ಚಿಮ ಘಟ್ಟದಲ್ಲಿ ಮಳೆ ಹಿಡಿದು ಜಲಾಶಯ ತುಂಬಿದರೆ ಬಾಗಿಲು ತೆರೆಯುತ್ತಾರೆ. ಹಿರಣ್ಯಕೇಶಿಯ ನೀರೂ ಮಾರ್ಕಂಡೇಯದ ನೀರೂ ಕೂಡಿಕೊಂಡು ಗೋಕಾಕಕ್ಕೆ ಬರುತ್ತವೆ, ಅಲ್ಲಿಂದ ಕೆಳಗೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಯ ಸೇತುವೆಗಳು ನೀರಿನಡಿ ಹೋಗುತ್ತವೆ. ಇದು ರಾತ್ರೋರಾತ್ರಿ ಹೇಳದೆ ಕೇಳದೆ ಎರಗುವ ಸುನಾಮಿಯಲ್ಲ. ಎಷ್ಟು ಕ್ಯುಸೆಕ್ ಬಿಟ್ಟರೆಂಬ ಸುದ್ದಿ ನೀರಿಗಿಂತ ಮೊದಲೇ ಊರು ಮುಟ್ಟುತ್ತದೆ. ಆಮೇಲೆ ಮೊದಲು ಹೋಗುವುದು ಕರೆಂಟು. ನೀರು ಹೊಕ್ಕ ಓಣಿಯ ಲೈನನ್ನು ಜೀವಕ್ಕೆ ಅಪಾಯವೆಂದು ಬೇಕೆಂದೇ ತೆಗೆಯುತ್ತಾರೆ. ಕರೆಂಟು ಹೋದ ಟವರ್ ಕೆಲವು ತಾಸು ಬ್ಯಾಟರಿಯ ಮೇಲೆ ಓಡುತ್ತದೆ, ನಂತರ ಡೀಸೆಲ್ ಬೇಕು. ಡೀಸೆಲ್ ತರುವ ಗಾಡಿ ದಾಟಬೇಕಾದ ಸೇತುವೆ ಆಗಲೇ ಮುಳುಗಿರುತ್ತದೆ. ಅಂದರೆ ಕಾಗದವನ್ನು ಕೆಡಿಸುವ ನೀರೇ ಕ್ಲೌಡ್‌ನ ದಾರಿಯನ್ನೂ ಕಡಿಯುತ್ತದೆ. ಎರಡೂ ಒಟ್ಟಿಗೇ ಕೈಕೊಡುವ ಆ ದಿನಗಳಲ್ಲಿ ಉಳಿಯುವುದು ಜೇಬಿನಲ್ಲಿರುವ ಮೊಬೈಲು, ಅದೂ ಚಾರ್ಜ್ ಇದ್ದರೆ.

ಇಷ್ಟಾದರೂ ಹೆಚ್ಚಿನವರು ತಮ್ಮ ದಾಖಲೆ ಮೊಬೈಲಿನಲ್ಲಿಯೇ ಇದೆ ಎಂದುಕೊಂಡಿರುತ್ತಾರೆ. ಹಾಗೆ ಅನ್ನಿಸುವಂತೆ ಮಾಡಿರುವುದು ಆ್ಯಪ್‌ಗಳ ರಚನೆ. ಗೂಗಲ್ ಡ್ರೈವ್ ತೆರೆದರೆ ಕಡತದ ಹೆಸರು ಕಾಣುತ್ತದೆ, ಪುಟ್ಟ ಚಿತ್ರವೂ ಕಾಣುತ್ತದೆ. ಒಳಗಿನ ಕಡತ ಮಾತ್ರ ದೂರದ ಸರ್ವರ್‌ನಲ್ಲಿರುತ್ತದೆ. ಪಕ್ಕದ ಮೂರು ಚುಕ್ಕಿ ಒತ್ತಿ ಆಫ್‌ಲೈನ್‌ನಲ್ಲಿ ಸಿಗುವಂತೆ ಮಾಡುವ ಆಯ್ಕೆಯನ್ನು ಆರಿಸಿದರೆ ಮಾತ್ರ ಅದು ಮೊಬೈಲಿಗೆ ಇಳಿಯುತ್ತದೆ. ಇಳಿದದ್ದೂ ಆ ಆ್ಯಪ್‌ನ ಹೊಟ್ಟೆಯೊಳಗೇ ಇರುತ್ತದೆ: ಖಾತೆಯಿಂದ ಹೊರಬಂದರೆ ಅಥವಾ ಆ್ಯಪ್ ತೆಗೆದುಹಾಕಿದರೆ ಪ್ರತಿಯೂ ಹೋಯಿತು. ಗೂಗಲ್ ಫೋಟೋಸ್ ಇನ್ನೂ ಸೂಕ್ಷ್ಮ. ಮೊಬೈಲಿನಲ್ಲಿ ಜಾಗ ತುಂಬಿದಾಗ ಜಾಗ ಖಾಲಿ ಮಾಡಲೇ ಎಂದು ಅದು ಕೇಳುತ್ತದೆ. ಹೂಂ ಎಂದವರ ಮೂಲ ಚಿತ್ರ ಅಳಿದು, ಅದರ ನೆರಳಷ್ಟೇ ಆ ಆ್ಯಪ್‌ನಲ್ಲಿ ಉಳಿಯುತ್ತದೆ. ಉತಾರದ ಫೋಟೋ ತೆಗೆದಿಟ್ಟಿದ್ದೇನೆಂಬ ನಂಬಿಕೆ ರೇಂಜ್ ಹೋದ ದಿನವೇ ಸುಳ್ಳಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಗ ಕಳಿಸಿದ ಪಿಡಿಎಫ್ ಕೂಡ ಒಮ್ಮೆ ಒತ್ತಿ ಇಳಿಸಿಕೊಳ್ಳುವವರೆಗೆ ನಮ್ಮದಲ್ಲ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನ ಕಥೆಯೂ ಬೇರೆಯಲ್ಲ. ಅಲ್ಲಿ ಇಲಾಖೆ ನೀಡಿದ ದಾಖಲೆ ಎಂದು ಕಾಣುವ ಅಂಕಪಟ್ಟಿ, ಲೈಸೆನ್ಸುಗಳು ಆ ಲಾಕರಿನಲ್ಲಿರುವುದೇ ಇಲ್ಲ. ಇರುವುದು ಆಯಾ ಇಲಾಖೆಯ ಭಂಡಾರಕ್ಕೆ ಹೋಗುವ ಕೊಂಡಿ. ಒತ್ತಿದಾಗ ಅಲ್ಲಿಂದ ತರಿಸಿ ತೋರಿಸುತ್ತದೆ. ಹೊಸದಾಗಿ ಲಾಗಿನ್ ಆಗುವವರು ಒಟಿಪಿಗೂ ಕಾಯಬೇಕು, ಒಟಿಪಿ ಬರಲು ಸಿಮ್‌ಗೆ ಸಿಗ್ನಲ್ ಬೇಕು.

ಇವೆಲ್ಲ ಹಳೆಯ ಕಾಲದ ಭಯ, ಈಗ ಹಳ್ಳಿಹಳ್ಳಿಗೂ ನೆಟ್‌ವರ್ಕ್ ಬಂದಿದೆ ಎನ್ನುವವರಿದ್ದಾರೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಎಳೆಯುತ್ತಿರುವುದೂ ನಿಜ. ಆದರೆ ವರ್ಷದ ಮುನ್ನೂರೈವತ್ತು ದಿನ ಚೆನ್ನಾಗಿರುವ ನೆಟ್‌ವರ್ಕ್ ಉಳಿದ ಹದಿನೈದು ದಿನಕ್ಕೆ ಜಾಮೀನು ಕೊಡುವುದಿಲ್ಲ. ಮೇಲಾಗಿ ನಮ್ಮ ಕಡೆಯ ತಂತಿ ಸರಿಯಿದ್ದರೆ ಸಾಲದು, ಆ ಕಡೆಯ ಯಂತ್ರವೂ ನಡೆಯುತ್ತಿರಬೇಕು. 2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ಸೈಬರ್ ದಾಳಿಯಾಗಿ ರಾಜ್ಯದಾದ್ಯಂತ ಆಸ್ತಿ ನೋಂದಣಿ ಕುಂಟಿತು. ಆಗ ಯಾವ ಹೊಳೆಯೂ ಬಂದಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ನೌಕರರ ಕಡತಗಳಿದ್ದ ಜಿ-ಡ್ರೈವ್ ಎಂಬ ಕ್ಲೌಡ್‌ನ 858 ಟೆರಾಬೈಟ್ ಮಾಹಿತಿ ಬೇರೆ ಪ್ರತಿಯಿಲ್ಲದೆ ಸುಟ್ಟುಹೋಯಿತು. ಇಂಟರ್‌ನೆಟ್ ವೇಗಕ್ಕೆ ಜಗತ್ತಿನಲ್ಲೇ ಹೆಸರಾದ ದೇಶ ಅದು. ನಮ್ಮ ತಹಶೀಲ್ದಾರ್ ಕಚೇರಿಯ ಕಿಟಕಿಯಲ್ಲಿ ಕೇಳುವ ‘ಸರ್ವರ್ ಇಲ್ರೀ’ ಅಲ್ಲಿಯೂ ಕೇಳಿಸಿತೆಂದರೆ ದೋಷ ಹಳ್ಳಿಯದಲ್ಲ.

ಮೊಬೈಲ್ ಕಳೆದರೆ ದಾಖಲೆಗಳೆಲ್ಲ ಕಳ್ಳನ ಪಾಲಲ್ಲವೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಎಂದು ನಿಶ್ಚಿಂತರಾಗುವಂತಿಲ್ಲ. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಸೇರಿಸಿದರೆ ಆಗುವ ಪಾಸ್‌ವರ್ಡ್ ಅದು, ಗುರುತಿದ್ದವರಿಗೆ ಬೀಗವೇ ಅಲ್ಲ. ಹಾಗಾಗಿ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಇಟ್ಟುಕೊಳ್ಳುವುದು, ಪಿನ್ ಕೇಳುವ ಸುರಕ್ಷಿತ ಫೋಲ್ಡರಿನಲ್ಲಿಡುವುದು ಜಾಣತನ. ಮೊಬೈಲ್ ಕಳೆದರೆ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ಸಂಖ್ಯೆ ಕೊಟ್ಟು ಅದು ದೇಶದ ಯಾವ ಮೊಬೈಲ್ ನೆಟ್‌ವರ್ಕ್‌ನಲ್ಲೂ ನಡೆಯದಂತೆ ತಡೆಯಬಹುದು. ಆದರೆ ಒಳಗಿನ ಕಡತವನ್ನು ಕಾಯುವುದು ಅದಲ್ಲ, ಸ್ಕ್ರೀನ್ ಲಾಕ್ ಮತ್ತು ಆ ಫೋಲ್ಡರಿನ ಪಿನ್. ಇಷ್ಟು ಮಾಡಿಯೂ ಸ್ವಲ್ಪ ಅಪಾಯ ಉಳಿಯುತ್ತದೆ. ಪ್ರತಿ ಅಂಗಡಿಯ ಟೇಬಲ್ ಮೇಲೆ ಆಧಾರ್ ಝೆರಾಕ್ಸ್ ಬಿಟ್ಟುಬರುವ ನಾವು ಅದಕ್ಕೆ ಹೆದರುವುದು ಮಾತ್ರ ವಿಚಿತ್ರ.

ನಿಜವಾಗಿ ಕಗ್ಗಂಟಾಗಿರುವುದು ಮಾನ್ಯತೆಯ ಪ್ರಶ್ನೆ. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಡಿಜಿಲಾಕರ್, ಎಂ-ಪರಿವಾಹನ್‌ಗಳಲ್ಲಿ ತೋರಿಸುವ ಲೈಸೆನ್ಸು, ಆರ್‌ಸಿಗಳನ್ನು ಮೂಲಕ್ಕೆ ಸಮವೆಂದು ಒಪ್ಪುವಂತೆ ರಾಜ್ಯಗಳಿಗೆ ತಿಳಿಸಿತು. ಗ್ಯಾಲರಿಯಲ್ಲಿರುವ ಫೋಟೋಗೆ ಆ ಮರ್ಯಾದೆ ಇಲ್ಲ, ಇರಲೂಬಾರದು; ಫೋಟೋವನ್ನು ಯಾರು ಬೇಕಾದರೂ ತಿದ್ದಬಹುದು. ಹಾಗಾದರೆ ಸರ್ವರ್‌ನ ಬಾಗಿಲು ತಟ್ಟದೆ ದಾಖಲೆ ಸಾಚಾ ಎಂದು ತಿಳಿಯುವುದೇ ಸಾಧ್ಯವಿಲ್ಲವೇ? ಸಾಧ್ಯವಿದೆ, ಆಧಾರ್‌ನಲ್ಲಿ ಆಗಲೇ ಆಗಿದೆ. ಇ-ಆಧಾರ್‌ನ ಕ್ಯೂಆರ್ ಕೋಡ್‌ನೊಳಗೆ ಹೆಸರು, ವಿಳಾಸ, ಚಿತ್ರದ ಜೊತೆಗೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿಯೂ ಇರುತ್ತದೆ. ಪರಿಶೀಲಿಸುವವನ ಆ್ಯಪ್ ಇಂಟರ್‌ನೆಟ್ ಇಲ್ಲದೆಯೇ ಆ ಸಹಿಯನ್ನು ತಾಳೆ ನೋಡುತ್ತದೆ. ಒಂದಕ್ಷರ ತಿದ್ದಿದ್ದರೂ ತಾಳೆಯಾಗುವುದಿಲ್ಲ. ಸಾಚಾತನ ದಾಖಲೆಯೊಡನೆಯೇ ಓಡಾಡುತ್ತದೆ. ಉತಾರಕ್ಕೂ ಜಾತಿ-ಆದಾಯ ಪ್ರಮಾಣಪತ್ರಕ್ಕೂ ಇದೇ ಅನುಕೂಲವಿದ್ದು, ನೆರೆ ಸಂತ್ರಸ್ತರ ಕಾಳಜಿ ಕೇಂದ್ರಕ್ಕೆ ಬರುವ ಗ್ರಾಮ ಆಡಳಿತಾಧಿಕಾರಿಯ ಮೊಬೈಲಿನಲ್ಲಿ ಓದುವ ಆ್ಯಪ್ ಇದ್ದರೆ, ಸುಣಧೋಳಿಯ ರೈತ ರೇಂಜ್ ಬರುವವರೆಗೆ ಕಾಯಬೇಕಿಲ್ಲ. ಪ್ರತಿ ಹಳೆಯದಾಗಿರಬಹುದು, ಅಷ್ಟರಲ್ಲಿ ಹೊಲ ಮಾರಿರಬಹುದು ಎಂದು ಅಧಿಕಾರಿಗಳು ಹೇಳಿಯಾರು. ಹೇಳಲಿ. ತುರ್ತು ಪಟ್ಟಿಗೆ ಹೆಸರು ಸೇರಿಸಲು ತಾರೀಖು ಇರುವ ಪ್ರತಿ ಸಾಕು, ಲಕ್ಷಗಳ ಹಣ ಕೊಡುವ ಹೊತ್ತಿಗೆ ನೆಟ್‌ವರ್ಕ್ ಬಂದಿರುತ್ತದೆ, ಆಗ ತಾಳೆ ನೋಡಿಕೊಳ್ಳಲಿ.

ಅಲ್ಲಿಯವರೆಗೆ ಕೆಲಸ ಸಣ್ಣದು. 2024ರಿಂದ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನೇ ಸ್ಕ್ಯಾನ್ ಮಾಡಲಾಗುತ್ತಿದೆ. ಸರ್ಕಾರ ತನ್ನ ಪ್ರತಿಯನ್ನು ಭದ್ರಮಾಡಿಕೊಳ್ಳುತ್ತಿದೆ. ರೈತನ ಪ್ರತಿಯ ಚಿಂತೆ ಯಾರಿಗೂ ಒಪ್ಪಿಸಿಲ್ಲ. ಗ್ರಾಮ ಒನ್ ಕೇಂದ್ರದಲ್ಲಿ ಉತಾರ ತೆಗೆದುಕೊಡುವವರು ಕಾಗದ ಕೊಟ್ಟು ಕೈತೊಳೆದುಕೊಳ್ಳದೆ, ಪಿಡಿಎಫ್ ಅನ್ನು ಎದುರಿಗಿರುವವನ ಮೊಬೈಲಿಗೆ ಇಳಿಸಿ, ಏರೋಪ್ಲೇನ್ ಮೋಡ್ ಹಾಕಿ, ತೆರೆದು ತೋರಿಸಿ ಕಳಿಸಲಿ. ಅದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ, ಜಾಗವೂ ಒಂದು ಫೋಟೋ ಹಿಡಿಯುವಷ್ಟು ಸಾಕು. ಸ್ವಂತ ಮೊಬೈಲಿಲ್ಲದ ಅಜ್ಜಿಯ ದಾಖಲೆ ಮೊಮ್ಮಗನ ಮೊಬೈಲಿನಲ್ಲಿರಲಿ. ಹಿಡಕಲ್‌ನ ಬಾಗಿಲು ತೆರೆಯುವುದು ಮಳೆಗಾಲದಲ್ಲಿ. ಇದಕ್ಕೆ ಮೇ ತಿಂಗಳು ಸರಿ.