ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆಷ್ಟು?

ಪ್ಲೇಸ್‌ಮೆಂಟ್ ತರಬೇತಿಯ ಬ್ಯಾಚಿಗೆ ಆಯ್ಕೆ ಮಾಡಲು ಕಳೆದ ತಿಂಗಳು ಕಾಲೇಜಿನಲ್ಲಿ ಒಂದು ಆಪ್ಟಿಟ್ಯೂಡ್ ಟೆಸ್ಟ್ ಇಟ್ಟಿದ್ದರು. ಒಂದೇ ಒಂದು ಅಂಕದಿಂದ ನಾನು ಹೊರಗುಳಿದೆ. ಉತ್ತರದ ಹಾಳೆ ನೋಡಿದರೆ, ನನ್ನನ್ನು ಬೀಳಿಸಿದ್ದು ಯಾವ ಘನಂದಾರಿ ಲೆಕ್ಕವೂ ಅಲ್ಲ. 'ಲೋಹದ ಗುಂಡಿನ ತೂಕ ಅದರ ತ್ರಿಜ್ಯದ ಘನಕ್ಕೆ ನೇರ ಅನುಪಾತದಲ್ಲಿದೆ. 2 ಸೆಂ.ಮೀ. ತ್ರಿಜ್ಯದ ಗುಂಡು 250 ಗ್ರಾಂ ಇದ್ದರೆ, ಅದೇ ಲೋಹದ 4 ಸೆಂ.ಮೀ. ತ್ರಿಜ್ಯದ ಗುಂಡು ಎಷ್ಟು ತೂಗುತ್ತದೆ?'

ಎರಡಕ್ಕೆ 250, ನಾಲ್ಕಕ್ಕೆ 500. ಹತ್ತು ಸೆಕೆಂಡಿನಲ್ಲಿ ಟಿಕ್ ಹಾಕಿ ಮುಂದೆ ಹೋಗಿದ್ದೆ. ಸರಿ ಉತ್ತರ 2,000 ಗ್ರಾಂ. ಹೀಟ್ ಟ್ರಾನ್ಸ್‌ಫರ್‌ನ ಮೂರು ಪುಟದ ಲೆಕ್ಕ ಬಿಡಿಸುವ ಮೆಕ್ಯಾನಿಕಲ್ ಹುಡುಗ ಎಂಟನೇ ಕ್ಲಾಸಿನ ಪಾಠದಲ್ಲಿ ಎಡವಿದ್ದೆ. ಗೆಳೆಯರಿಗೆ ಯಾವ ಪ್ರಶ್ನೆ ತಪ್ಪಿತು ಅಂತ ಹೇಳಲೇ ಇಲ್ಲ.

ಅಪ್ಪನಿಗೆ ಹೇಳಿದೆ. ಅವರು ಬೆಂಗಳೂರಿನಲ್ಲಿ ಆಟೊ ಓಡಿಸುತ್ತಾರೆ. ರಾತ್ರಿ ಊಟಕ್ಕೆ ಕೂತಾಗ 'ನೇರ ಅನುಪಾತ ಅಂದ್ರೆ ಏನೋ ಅದು?' ಎಂದರು. 'ಒಂದು ಎರಡರಷ್ಟಾದರೆ ಇನ್ನೊಂದೂ ಎರಡರಷ್ಟಾಗೋದು. ನಿಮ್ಮ ಮೀಟರ್ ಥರ' ಎಂದೆ. ಅಪ್ಪ ನಕ್ಕರು. 'ಹಂಗಾದ್ರೆ ಒಂದು ಕಿಲೋಮೀಟರ್ ಬಂದವರ ಹತ್ರ ಹದಿನೆಂಟು ರೂಪಾಯಿ ಇಸ್ಕೊಳ್ಳಲಾ?'

ತುತ್ತು ಬಾಯಲ್ಲೇ ನಿಂತಿತು. 2025ರ ಆಗಸ್ಟ್‌ನಿಂದ ನಗರದಲ್ಲಿ ಮೊದಲ 2 ಕಿ.ಮೀ.ಗೆ ಮಿನಿಮಮ್ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅರ್ಧ ಕಿ.ಮೀ. ಹೋದರೂ 36, ಎರಡು ಹೋದರೂ 36. ಅಲ್ಲಿ ಅನುಪಾತವೇ ಇಲ್ಲ. ಎರಡು ದಾಟಿದ ಮೇಲೆ ನೋಡಿ: 5 ಕಿ.ಮೀ.ಗೆ 36 ಮತ್ತು 54 ಸೇರಿ 90. ಐದು ಹದಿನೆಂಟಲೂ 90. ಅಂದರೆ ಎರಡರಿಂದ ಮುಂದಕ್ಕೆ ಅಚ್ಚುಕಟ್ಟಾದ ನೇರ ಅನುಪಾತ. ಇದಕ್ಕೂ ಹಿಂದೆ, ಮಿನಿಮಮ್ 1.9 ಕಿ.ಮೀ.ಗೆ 25, ಆಮೇಲೆ ಕಿ.ಮೀ.ಗೆ 13 ಇದ್ದ ಕಾಲದಲ್ಲಿ ಅದೂ ಸರಿಹೊಂದುತ್ತಿರಲಿಲ್ಲ. 1.9ನ್ನು 13ರಿಂದ ಗುಣಿಸಿದರೆ 24.70 ಬರುತ್ತದೆ, ಮೂವತ್ತು ಪೈಸೆ ಸದಾ ಅಂಟಿಕೊಂಡೇ ಇರುತ್ತಿತ್ತು.

ನಾನು ಮಾಡಿದ ತಪ್ಪಿನ ಬೇರು ಆಗ ಹೊಳೆಯಿತು. 'ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆಷ್ಟು' ಎಂಬ ತ್ರೈರಾಶಿ ನಮ್ಮಲ್ಲಿ ಬಹಳ ಹಳೆಯದು. ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲೇ ಅದಿದೆ. ಬಾಯಲ್ಲಿ ಅದು ಎಷ್ಟು ಸಲೀಸಾಗಿ ಉರುಳುತ್ತದೆ ಎಂದರೆ, ಯಾವುದು ಯಾವುದಕ್ಕೆ ಅನುಪಾತದಲ್ಲಿದೆ ಎಂದು ಕೇಳುವುದನ್ನೇ ಮರೆತುಬಿಡುತ್ತೇವೆ. ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚಿದರೆ ಸಾಲದು. ಹತ್ತನೇ ವಯಸ್ಸಿಗೆ ನಾನು ನಾಲ್ಕೂವರೆ ಅಡಿ ಇದ್ದೆ. ಆ ಲೆಕ್ಕದಲ್ಲಿ ಇಪ್ಪತ್ತಕ್ಕೆ ಒಂಬತ್ತು ಅಡಿ ಇರಬೇಕಿತ್ತು!

ಈಗ ನಾನು ಅವಸರ ಮಾಡುವುದಿಲ್ಲ. ಪ್ರಶ್ನೆಯ ವಾಕ್ಯವನ್ನೇ ಮೊದಲು ಸಮೀಕರಣವಾಗಿ ಬರೆಯುತ್ತೇನೆ: ತೂಕ = ಕೆ × ತ್ರಿಜ್ಯದ ಘನ. ಕೊಟ್ಟ ಜೋಡಿಯನ್ನು ಹಾಕಿದರೆ 250 = ಕೆ × 8, ಆದ್ದರಿಂದ ಕೆ ಅಂದರೆ 31.25. ನಾಲ್ಕರ ಘನ 64, ಅದನ್ನು 31.25ರಿಂದ ಗುಣಿಸಿದರೆ 2,000. ಇಪ್ಪತ್ತು ಸೆಕೆಂಡು ಹೆಚ್ಚು ಬೇಕು, ಅಷ್ಟೇ. ಶಾರ್ಟ್‌ಕಟ್ ಬೇಕೆಂದರೂ ಇದೆ: ತ್ರಿಜ್ಯ ಎರಡರಷ್ಟು, ಎರಡರ ಘನ ಎಂಟು, 250ರ ಎಂಟರಷ್ಟು. ಆದರೆ 'ಘನ' ಎಂಬ ಪದ ಕಣ್ಣಿಗೆ ಬಿದ್ದಿರಬೇಕಲ್ಲ.

ಶಾಲೆಯಲ್ಲಿ ಈ 'ಕೆ' ನನಗೆ ಬರೀ ಅಕ್ಷರವಾಗಿತ್ತು. ಈಗ ನೋಡಿದರೆ ವಿಷಯವೆಲ್ಲ ಅದರಲ್ಲೇ ಇದೆ. ಅಪ್ಪನ ಮೀಟರಿನಲ್ಲಿ ಅದು ಕಿಲೋಮೀಟರಿಗೆ 18 ರೂಪಾಯಿ. ಗುಂಡಿನಲ್ಲಿ ಅದು ಲೋಹದ ಸಾಂದ್ರತೆಯನ್ನು ಹೊತ್ತಿದೆ. ಕಬ್ಬಿಣದ ಬದಲು ಸೀಸ ಹಾಕಿದರೆ 'ಕೆ' ಬದಲಾಗುತ್ತದೆ, ಘನ ಮಾತ್ರ ಘನವೇ.

ಅಪ್ಪನಿಗೆ ಇನ್ನೊಂದು ಲೆಕ್ಕ ತೋರಿಸಿದೆ. ಬ್ರೇಕ್ ಹಿಡಿದ ಮೇಲೆ ಗಾಡಿ ಜಾರುತ್ತಾ ಸಾಗುವ ದೂರ ವೇಗದ ವರ್ಗಕ್ಕೆ ಅನುಪಾತ. ಗಂಟೆಗೆ 40 ಕಿ.ಮೀ. ವೇಗದಲ್ಲಿ 10 ಮೀಟರ್ ಬೇಕಾದರೆ 60ರಲ್ಲಿ? 10ನ್ನು 1,600ರಿಂದ ಭಾಗಿಸಿದರೆ ಕೆ ಅಂದರೆ ನೂರಅರವತ್ತರಲ್ಲಿ ಒಂದು; 3,600ನ್ನು 160ರಿಂದ ಭಾಗಿಸಿದರೆ 22.5 ಮೀಟರ್. ವೇಗ ಒಂದೂವರೆಯಷ್ಟಾದರೆ ದೂರ ಎರಡೂಕಾಲರಷ್ಟು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಓಡುವ ದೂರ ಬೇರೆ, ಅದು ವೇಗಕ್ಕೇ ನೇರ ಅನುಪಾತ. 'ಇದನ್ನ ಲೆಕ್ಕ ಹಾಕಿ ಹೇಳ್ಬೇಕಾ?' ಎಂದರು ಅಪ್ಪ. ಆಮೇಲೆ ಸ್ವಲ್ಪ ಸುಮ್ಮನಿದ್ದು, 'ನಿನ್ನ ಆ ಫ್ರೆಂಡು, ಬೈಕಲ್ಲಿ ಕಾಲೇಜಿಗೆ ಕರ್ಕೊಂಡು ಹೋಗ್ತಾನಲ್ಲ, ಎಷ್ಟರಲ್ಲಿ ಓಡಿಸ್ತಾನೆ?' ಎಂದು ಕೇಳಿದರು. ನಾನು ನಲವತ್ತು ಎಂದೆ. ಅದೂ ತಪ್ಪು ಉತ್ತರವೇ.

ಮುಂದಿನ ಬ್ಯಾಚಿನ ಟೆಸ್ಟ್ ಇನ್ನೆರಡು ವಾರಕ್ಕಿದೆ. ನಿನ್ನೆ ರಾತ್ರಿ ಅಪ್ಪ ಖುಷಿಯಲ್ಲಿ ಮನೆಗೆ ಬಂದರು. ಒಂದೊಂದು ಕಿಲೋಮೀಟರಿನ ಬಾಡಿಗೆ ನಾಲ್ಕು ಸಿಕ್ಕಿತ್ತಂತೆ. 'ಇವತ್ತು ನಿನ್ನ ಕೆ ಮೂವತ್ತಾರು ಕಣೋ' ಎಂದು ಕೈ ತೊಳೆಯಲು ಹೋದರು.