ಗಾಲಿಮನೆಗೆ ಮಾಡು ಕೂಡಿಸುವ ಬಗೆ

ಮೋಟಾರಿನ ಹಿಂದೆ ಕಟ್ಟಿಕೊಂಡು ಒಯ್ಯುವ, ಇಬ್ಬರು ಮಲಗಬಹುದಾದ ಪುಟ್ಟ ಗಾಡಿಗಳು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1930ರ ದಶಕದಿಂದ ಬಳಕೆಗೆ ಬಂದುವು. ನೀರಹನಿಯ ಆಕಾರದ ಇಂತಹ ಗಾಡಿಯನ್ನು ಮನೆಯಂಗಳದಲ್ಲಿಯೇ ಕಟ್ಟಿಕೊಳ್ಳುವವರು ಅಲ್ಲಿ ಇಂದಿಗೂ ಇದ್ದಾರೆ. ಅದರ ಗೋಡೆ ಪ್ಲೈವುಡ್ಡಿನದು. ಮಾಡಿನ ಚೌಕಟ್ಟು ಸಣ್ಣ ಅಡ್ಡಮರಗಳದು. ಇವೆರಡರ ಕೂಡಿಕೆಯನ್ನು ಇಲ್ಲಿ ವಿಚಾರಿಸುವೆವು.

ನಮ್ಮ ಹಂಚಿನ ಮನೆಯ ಮಾಡು ಬಹುಮಟ್ಟಿಗೆ ಸ್ವಂತ ಭಾರದಿಂದಲೇ ಗೋಡೆಯ ಮೇಲೆ ಕುಳಿತಿರುತ್ತದೆ. ಗಾಡಿಯ ಮಾಡಾದರೋ ಹಗುರ. ಮೇಲೆ ಹಾಯುವ ಗಾಳಿ ಅದನ್ನು ಎತ್ತಲೆಳಸುತ್ತದೆ. ವೇಗ ಇಮ್ಮಡಿಸಿದರೆ ಈ ಸೆಳೆತ ನಾಲ್ಮಡಿಸುವುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ತಾಳಿದ ಕೂಡಿಕೆ 80ರಲ್ಲಿ ಬಿಚ್ಚಿಹೋದರೆ, ಅಪಾಯ ಗಾಡಿಯವನಿಗಿಂತ ಹಿಂದೆ ಬರುವವರಿಗೇ ಹೆಚ್ಚು.

ಪ್ಲೈವುಡ್ ಎಂದರೆ, ಒಂದರ ನಾರಿಗೆ ಮತ್ತೊಂದರ ನಾರು ಅಡ್ಡಬರುವಂತೆ ತೆಳುಪದರಗಳನ್ನು ಅಂಟಿಸಿದ ಹಲಗೆ. ಅದರ ಮುಖಕ್ಕೆ ಹಾಕಿದ ತಿರುಪುಮೊಳೆ ಗಟ್ಟಿಯಾಗಿ ನಿಲ್ಲುವುದು. ಅಂಚಿಗೆ ಹಾಕಿದರೆ ಪದರಗಳು ಸೀಳುವುವು. ಹಾಗೆಯೇ ಅಡ್ಡಮರದ ತುದಿಯಲ್ಲಿ ನಾರಿನುದ್ದಕ್ಕೆ ಇಳಿದ ಮೊಳೆಯ ಹಿಡಿತವೂ ಕಡಮೆ. ಆದುದರಿಂದ ಕೇವಲ ಗೋಡೆಯ ಹೊರಗಿನಿಂದ ಅಡ್ಡಮರದ ತುದಿಗೆ ಮೊಳೆ ಹೊಡೆದು ಸುಮ್ಮನಾಗಬಾರದು.

ಸರಿಯಾದ ಕ್ರಮ ಹೀಗಿದೆ. ಗೋಡೆಯ ಒಳಮುಖದಲ್ಲಿ, ಅಡ್ಡಮರದ ದಪ್ಪದಷ್ಟು ಕೆಳಗೆ, ಗೋಡೆಯ ಬಾಗಿಗೆ ಒಪ್ಪುವ ಮರದ ಪಟ್ಟಿಯನ್ನು ನೀರು ತಾಳುವ ಅಂಟು ಸವರಿ, ತಿರುಪುಮೊಳೆಗಳಿಂದ ಬಿಗಿಯಬೇಕು. ಈಗ ಗಾಳಿಯ ಸೆಳೆತ ಆ ಮೊಳೆಗಳನ್ನು ಕೀಳುವ ದಿಕ್ಕಿಗೆ ಬೀಳದೆ ಅಡ್ಡಲಾಗಿ ಬೀಳುತ್ತದೆ. ಅಂಟು ಅದನ್ನು ಪಟ್ಟಿಯ ಉದ್ದಕ್ಕೂ ಹಂಚುತ್ತದೆ. ಅಡ್ಡಮರಗಳನ್ನು ಪಟ್ಟಿಯ ಮೇಲೆ ಕೂರಿಸಿ, ಅಂಟು ಹಾಕಿ, ಮೇಲಿನಿಂದ ಪಟ್ಟಿಗೆ ಮೊಳೆ ಇಳಿಸಬೇಕು. ಮರ ಸೀಳದಂತೆ ಮೊದಲೇ ಬೈರಿಗೆಯಿಂದ ಸಣ್ಣ ರಂಧ್ರ ಕೊರೆಯತಕ್ಕದ್ದು.

ಬಳಿಕ ಸುಮಾರು 3 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ಬಾಗಿಸಿ ಅಡ್ಡಮರಗಳಿಗೂ ಗೋಡೆಯ ಅಂಚಿಗೂ ಅಂಟಿಸುವರು. ಇದು ಬರಿಯ ಹೊದಿಕೆಯಲ್ಲ. ರಸ್ತೆಯ ಕುಲುಕಾಟಕ್ಕೆ ಚೌಕಟ್ಟು ಓರೆಯಾಗದಂತೆ ತಡೆಯುವುದೂ ಇದೇ. ಆದಕಾರಣ ಇದನ್ನು ಅಂಟಿಸುವ ಮುನ್ನ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಸಮಮಾಡಿಕೊಳ್ಳಬೇಕು. ಅಂಟು ಒಣಗಿದ ಮೇಲೆ ಓರೆಯನ್ನು ತಿದ್ದಲಾಗದು.

ಕೊನೆಯ ವೈರಿ ನೀರು. ಪ್ಲೈವುಡ್ಡಿನ ಅಂಚು ನೀರನ್ನು ಬೇಗ ಹೀರುವುದರಿಂದ, ತೆರೆದುಳಿದ ಅಂಚುಗಳಿಗೆಲ್ಲ ವಾರ್ನಿಷು ಬಳಿಯುವುದು ಅಗತ್ಯ. ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ, ಅದರ ಅಂಚಿನಡಿ ಮೆದುಲೇಪವನ್ನಿಟ್ಟು, ಮೂಲೆಪಟ್ಟಿಯಿಂದ ಒತ್ತಿ, ಮೊಳೆಗಳನ್ನು ಪಕ್ಕದಿಂದ ಗೋಡೆಯ ಮುಖಕ್ಕೆ ಹಾಕುವುದು ಲೇಸು. ಮಾಡಿನ ಮೇಲೆ ರಂಧ್ರಗಳು ಕಡಮೆಯಾದಷ್ಟೂ ಮಳೆಗೆ ದಾರಿ ಕಡಮೆ.