ಉಗ್ಗಿನ ಹುಡುಗನ ಸಿಂಹಧ್ವನಿ

'ಸ್ಟಾರ್ ವಾರ್ಸ್' ಚಿತ್ರದ ಕಪ್ಪು ಮುಖವಾಡದ ಖಳನಾಯಕ ಡಾರ್ತ್ ವೇಡರ್‌ನ ಗುಡುಗು, 'ದಿ ಲಯನ್ ಕಿಂಗ್'ನ ಸಿಂಹರಾಜ ಮುಫಾಸಾನ ಗಾಂಭೀರ್ಯ ಎರಡೂ ಒಂದೇ ಗಂಟಲಿನಿಂದ ಹೊರಟವು. ಬಾಲ್ಯದಲ್ಲಿ ಆ ಗಂಟಲು ಸುಮಾರು ಎಂಟು ವರ್ಷ ಹೆಚ್ಚು ಕಡಿಮೆ ಮೌನವಾಗಿತ್ತು ಎಂದರೆ ನಂಬುವಿರಾ?

ಆ ನಟ ಜೇಮ್ಸ್ ಅರ್ಲ್ ಜೋನ್ಸ್. ಹುಟ್ಟಿದ್ದು 1931ರ ಜನವರಿ 17ರಂದು, ಅಮೆರಿಕದ ಮಿಸಿಸಿಪಿ ರಾಜ್ಯದ ಅರ್ಕಬಟ್ಲಾದಲ್ಲಿ. ಸಾಕಿದವರು ತಾಯಿಯ ತಂದೆ ತಾಯಿ. ಅವರು ಹುಡುಗನನ್ನು ಕರೆದುಕೊಂಡು ಮಿಷಿಗನ್‌ ರಾಜ್ಯದ ಹೊಲಮನೆಗೆ ವಲಸೆ ಹೋದರು. ಹೊಸ ಊರಿನಲ್ಲಿ ಉಗ್ಗು ಶುರುವಾಯಿತು. ಸಹಪಾಠಿಗಳು ನಕ್ಕರು. ಹುಡುಗ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದ. ಹೊಲದ ದನಕರುಗಳೊಂದಿಗೆ ಮಾತ್ರ ಅವನ ಮಾತು ಸಲೀಸು.

ಪ್ರೌಢಶಾಲೆಯಲ್ಲಿ ಡೊನಾಲ್ಡ್ ಕ್ರೌಚ್ ಎಂಬ ಇಂಗ್ಲಿಷ್ ಮೇಷ್ಟ್ರು ಸಿಕ್ಕರು. ಹುಡುಗ ಗುಟ್ಟಾಗಿ ಕವಿತೆ ಬರೆಯುತ್ತಾನೆಂಬುದು ಅವರಿಗೆ ತಿಳಿಯಿತು. ಒಂದು ಕವಿತೆ ಓದಿ, 'ಇಷ್ಟು ಚೆನ್ನಾಗಿದೆ, ನಿನ್ನದೇ ಆದರೆ ತರಗತಿಯೆದುರು ಬಾಯಿಪಾಠ ಒಪ್ಪಿಸು' ಎಂಬ ಸವಾಲೆಸೆದರು. ಹುಡುಗ ಎದ್ದು ನಿಂತ. ಒಂದು ಕಡೆಯೂ ತಡವರಿಸದೆ ಒಪ್ಪಿಸಿಬಿಟ್ಟ! ಲಯವಿರುವ, ಮೊದಲೇ ಬಾಯಿಗೆ ಬಂದಿರುವ ಸಾಲುಗಳಲ್ಲಿ ಉಗ್ಗು ಎಷ್ಟೋ ಮಂದಿಗೆ ಸಡಿಲಗೊಳ್ಳುತ್ತದೆ. ಅಂದಿನಿಂದ ಗಟ್ಟಿಯಾಗಿ ಓದುವುದು, ಚರ್ಚಾಸ್ಪರ್ಧೆ ಅವನ ನಿತ್ಯದ ಸಾಧನೆಯಾಯಿತು.

ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ವೈದ್ಯನಾಗಬೇಕೆಂದು. ಆದರೆ ಮನಸ್ಸು ನಾಟಕಕ್ಕೆ ಒಲಿಯಿತು. ಕೆಲಕಾಲ ಸೇನೆಯಲ್ಲಿದ್ದು, ನ್ಯೂಯಾರ್ಕಿಗೆ ಬಂದು, ಹೊಟ್ಟೆಪಾಡಿಗೆ ಕಸ ಗುಡಿಸುತ್ತ ಅಭಿನಯ ಕಲಿತರು. 1964ರಲ್ಲಿ 'ಡಾಕ್ಟರ್ ಸ್ಟ್ರೇಂಜ್‌ಲವ್' ಚಿತ್ರದಲ್ಲಿ ಪುಟ್ಟ ಪಾತ್ರ. 1968ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದ 'ದಿ ಗ್ರೇಟ್ ವೈಟ್ ಹೋಪ್' ನಾಟಕದ ಕಪ್ಪು ಮುಷ್ಟಿಮಲ್ಲನ ಪಾತ್ರ ಅವರಿಗೆ ಟೋನಿ ಪ್ರಶಸ್ತಿ ತಂದಿತು. ಅದೇ ಪಾತ್ರ ಚಿತ್ರವಾದಾಗ ಆಸ್ಕರ್‌ಗೆ ನಾಮಕರಣವೂ ಆಯಿತು. 1987ರಲ್ಲಿ 'ಫೆನ್ಸಸ್' ನಾಟಕಕ್ಕೆ ಇನ್ನೊಂದು ಟೋನಿ. 1991ರಲ್ಲಿ ದೂರದರ್ಶನದ ಎಮ್ಮಿ ಒಂದೇ ವರ್ಷ ಎರಡು!

1977ರ 'ಸ್ಟಾರ್ ವಾರ್ಸ್'ನಲ್ಲಿ ಮುಖವಾಡದೊಳಗಿನ ದೇಹ ಡೇವಿಡ್ ಪ್ರೌಸ್ ಅವರದು, ಧ್ವನಿ ಮಾತ್ರ ಜೋನ್ಸ್ ಅವರದು. ತಮ್ಮ ಹೆಸರು ಹಾಕುವುದೇ ಬೇಡವೆಂದಿದ್ದರು. 2011ರಲ್ಲಿ ಗೌರವ ಆಸ್ಕರ್ ದೊರೆಯಿತು. 2022ರಲ್ಲಿ ಬ್ರಾಡ್‌ವೇಯ ಕಾರ್ಟ್ ರಂಗಮಂದಿರಕ್ಕೆ ಅವರ ಹೆಸರಿಟ್ಟರು. 2024ರ ಸೆಪ್ಟೆಂಬರ್ 9ರಂದು 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಉಗ್ಗು ಪೂರ್ತಿ ಹೋಯಿತೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಪದಗಳನ್ನು ಆರಿಸಿಕೊಂಡು ಮಾತನಾಡುತ್ತಿದ್ದರಷ್ಟೆ. ಹೆತ್ತವರು ಗಮನಿಸಬೇಕಾದ್ದು ಇದೇ. ತಡವರಿಸುವ ಮಗುವಿನ ವಾಕ್ಯವನ್ನು ನಾವೇ ಮುಗಿಸುವ ಅವಸರ ಬೇಡ. ನೆಂಟರೆದುರು 'ಸರಿಯಾಗಿ ಮಾತಾಡು' ಎಂದು ಗದರುವುದೂ ಬೇಡ. ಅಗತ್ಯವೆನಿಸಿದರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಮಗು ಏನು ಬರೆಯುತ್ತಿದೆ, ಯಾವುದನ್ನು ಇಷ್ಟಪಟ್ಟು ಓದುತ್ತಿದೆ ಎಂದು ಮೊದಲು ನೋಡಿ. ಕ್ರೌಚ್ ಮೇಷ್ಟ್ರು ಮಾಡಿದ್ದು ಅಷ್ಟೇ.